ಮರೆವಿನ ಕಾಯಿಲೆಯವರು ಮನೆ ಬಿಟ್ಟು ಹೊರಟಾಗ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹಲವರ ಮನೆಯಲ್ಲಿ ಡಿಮೆನ್ಶಿಯಾ ಇರುವ ಅಪ್ಪನೋ ಅಮ್ಮನೋ, ಗಂಡನೋ ಹೆಂಡತಿಯೋ ಇದ್ದಾರೆ. ನೀವೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ಬಾಗಿಲಿಗೆ ಎಂಥ ಬೀಗ ಹಾಕೋಣ? ಬೀಗದ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ ಅವರು ಯಾವ ಹೊತ್ತಿಗೆ, ಯಾಕೆ ಎದ್ದು ಹೊರಡುತ್ತಾರೆ ಎಂದು ನೋಡೋಣ. ಅದು ತಿಳಿಯದೆ ಹಾಕಿದ ಬೀಗವನ್ನು ನಾನು ನೆಚ್ಚುವುದಿಲ್ಲ.

ನಾವು ಎಲ್ಲಿದ್ದೇವೆ, ಎತ್ತ ಹೋಗುತ್ತಿದ್ದೇವೆ ಎಂಬ ಲೆಕ್ಕ ಇಡುವ ಕೋಶಗಳು ಮಿದುಳಿನಲ್ಲಿವೆ. ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಅವನ್ನು ವಿಜ್ಞಾನಿ ಜಾನ್ ಓಕೀಫ್ 1971ರಲ್ಲಿ ಗುರುತಿಸಿದರು. ಅದಕ್ಕೆ ಅಂಟಿಕೊಂಡಿರುವ ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ ಇದೇ ಕೆಲಸಕ್ಕೆ ನೆರವಾಗುವ ಇನ್ನೊಂದು ಬಗೆಯ ಕೋಶಗಳಿವೆ ಎಂದು 2005ರಲ್ಲಿ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ತೋರಿಸಿದರು. ಮೂವರಿಗೂ 2014ರಲ್ಲಿ ನೊಬೆಲ್ ಬಂತು. ಡಿಮೆನ್ಶಿಯಾಕ್ಕೆ ಹೆಚ್ಚಾಗಿ ಕಾರಣವಾಗುವ ಅಲ್ಜೈಮರ್ ಕಾಯಿಲೆ ಮೊದಮೊದಲು ಹಾಳುಮಾಡುವುದು ಇದೇ ಭಾಗವನ್ನು. ಹಾಗಾಗಿ ಮಾತು, ಮುಖ ಪರಿಚಯ ಎಲ್ಲ ಸರಿಯಿರುವಾಗಲೇ ದಿನಾ ಓಡಾಡುವ ದಾರಿ ತಪ್ಪಬಹುದು. ‘ಬೆಳಿಗ್ಗೆ ಚೆನ್ನಾಗೇ ಮಾತಾಡಿದರಲ್ಲ’ ಎಂದು ಮನೆಯವರು ಕಂಗಾಲಾಗುವುದು ಇದಕ್ಕೇ. ಡಿಮೆನ್ಶಿಯಾ ಇರುವ ಹತ್ತು ಜನರಲ್ಲಿ ಆರು ಜನ ಒಮ್ಮೆಯಾದರೂ ಹೀಗೆ ಹೊರಟುಬಿಡುತ್ತಾರೆ ಎಂಬುದು ಅಮೆರಿಕದ ಅಲ್ಜೈಮರ್ಸ್ ಅಸೋಸಿಯೇಷನ್‌ನ ಅಂದಾಜು. ‘ನಮ್ಮವರು ಇನ್ನೂ ಹಾಗೆ ಮಾಡಿಲ್ಲ’ ಎನ್ನುವವರೂ ದಯವಿಟ್ಟು ಗಮನ ಕೊಟ್ಟು ಕೇಳಿ.

ಅವರು ಹೊರಡುವುದಕ್ಕೆ ಬಹುಮಟ್ಟಿಗೆ ಒಂದು ಕಾರಣ ಇರುತ್ತದೆ. ಬಚ್ಚಲು ಎಲ್ಲಿ ಎಂದು ತಿಳಿಯದೆ ಬಾಗಿಲಿಂದ ಬಾಗಿಲಿಗೆ ಹೋಗಿ ಕೊನೆಗೆ ಬೀದಿಗೆ ಬಂದವರಿದ್ದಾರೆ. ಹಸಿವು, ಹೇಳಲಾಗದ ನೋವು, ಬೇಸರ, ಮನೆಯೊಳಗಿನ ಗದ್ದಲ ಇವೂ ಕಾರಣವೇ. ಬದುಕಿಡೀ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದವರಿಗೆ ಆ ಹೊತ್ತಿಗೆ ಕಾಲು ನಿಲ್ಲುವುದಿಲ್ಲ. ಸಂಜೆಯಾಗುತ್ತಿದ್ದಂತೆ ತಳಮಳ ಹೆಚ್ಚುವುದು ಬಹಳ ಜನರಲ್ಲಿ ಕಾಣುತ್ತದೆ. ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಎದ್ದರು, ಅದಕ್ಕೆ ಮುಂಚೆ ಏನಾಗಿತ್ತು, ಏನು ಹೇಳುತ್ತಿದ್ದರು. ಆ ಹೊತ್ತಿಗೆ ಅರ್ಧ ಗಂಟೆ ಮೊದಲೇ ಬಚ್ಚಲಿಗೆ ಕರೆದೊಯ್ಯಿರಿ, ಏನಾದರೂ ತಿನ್ನಲು ಕೊಡಿ, ದೀಪ ಹಾಕಿ, ಜೊತೆಯಲ್ಲಿ ಒಂದು ಸುತ್ತು ನಡೆದು ಬನ್ನಿ. ನಡಿಗೆ ಅವರಿಗೆ ಒಳ್ಳೆಯದೇ. ಒಂಟಿಯಾಗಿ ಹೋಗದಂತೆ ನೋಡಿಕೊಂಡರೆ ಸಾಕು. ಆದರೆ ನೆನ್ನೆಯವರೆಗೆ ಇಲ್ಲದ ಚಡಪಡಿಕೆ ಇವತ್ತು ದಿಢೀರನೆ ಬಂದರೆ ವೈದ್ಯರಿಗೆ ತೋರಿಸಿ. ಮೂತ್ರದ ಸೋಂಕೋ, ಮಲಬದ್ಧತೆಯೋ, ಹೊಸ ಮಾತ್ರೆಯೋ ಇರಬಹುದು.

ಇನ್ನು, ತಮ್ಮ ಮನೆಯಲ್ಲೇ ಕೂತು ‘ಮನೆಗೆ ಹೋಗಬೇಕು’ ಎನ್ನುವುದು. ‘ಇದೇ ಅಲ್ಲವಾ ನಿಮ್ಮ ಮನೆ’ ಎಂದು ವಾದಿಸಿದಷ್ಟೂ ಅವರ ಭಯ ಏರುತ್ತದೆ. ಬ್ರಿಟನ್ನಿನಲ್ಲಿ ಜಾರ್ಜ್ ಹರ್ಬರ್ಟ್ ಎಂಬ ಮಾಜಿ ಸೈನಿಕರಿದ್ದರು, ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಹೋರಾಡಿದವರು. ಡಿಮೆನ್ಶಿಯಾ ಬಂದ ಮೇಲೆ ಬಾಲ್ಯದ ಮನೆ ಹುಡುಕಿಕೊಂಡು ಹೊರಟು, ಕಾಣೆಯಾಗಿದ್ದಾಗಲೇ ತೀರಿಕೊಂಡರು. ನಿಮ್ಮ ಅಮ್ಮ ಕೇಳುತ್ತಿರುವುದೂ ಅಂಥದೇ ಮನೆಯನ್ನು ಇರಬಹುದು. ‘ಅಲ್ಲಿ ಯಾರ್ಯಾರು ಇದ್ದರಮ್ಮ?’ ಎಂದು ಕೇಳಿ, ಪಕ್ಕದಲ್ಲಿ ಕೂತುಕೊಳ್ಳಿ. ಅವರು ಮಾತಿಗೆ ಸಿಕ್ಕರೆ ಎಷ್ಟೋ ಸಲ ಹೊರಡುವ ಆತುರ ತಾನೇ ಇಳಿಯುತ್ತದೆ.

ಈಗ ಬೀಗ. ಚಿಲಕವನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆ ಅಥವಾ ತೀರ ಕೆಳಗೆ ಹಾಕಿಸಿದರೆ ಹಲವರ ಗಮನಕ್ಕೆ ಬರುವುದಿಲ್ಲ. ಬಾಗಿಲು ತೆರೆದಾಗ ಸದ್ದು ಮಾಡುವ ಗಂಟೆ ಬೀಗಕ್ಕಿಂತ ಮೇಲು ಎಂದು ನನ್ನ ಅಭಿಪ್ರಾಯ. ಚಪ್ಪಲಿ, ಚೀಲ, ಕನ್ನಡಕ, ವಾಹನದ ಕೀಲಿ ಬಾಗಿಲ ಬಳಿ ಕಾಣದಂತಿಡಿ. ಅವು ಕಂಡರೆ ಹೊರಡುವ ನೆನಪು ಬರುತ್ತದೆ. ಆದರೆ ಅವರೊಬ್ಬರನ್ನೇ ಒಳಗಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗಲೇಬೇಡಿ. ಬೆಂಕಿ ಬಿದ್ದರೆ ಅವರಿಗೆ ದಾರಿಯಿಲ್ಲ. ಮಂಚಕ್ಕೆ, ಕುರ್ಚಿಗೆ ಕಟ್ಟಿಹಾಕುವುದನ್ನು ನಾನು ಒಪ್ಪುವುದಿಲ್ಲ: ಬಿಡಿಸಿಕೊಳ್ಳಲು ಹೋಗಿ ಗಾಯವಾಗುತ್ತದೆ, ಸಿಟ್ಟು, ಭಯ ಎರಡೂ ಹೆಚ್ಚುತ್ತವೆ. ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ಕೊಡುವುದೂ ಹಾಗೆಯೇ, ಬಿದ್ದು ಮೂಳೆ ಮುರಿದುಕೊಳ್ಳುವ ಅಪಾಯ ಅದರಲ್ಲಿದೆ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಬಾಗಿಲು ತೆರೆದಿರುತ್ತದೆ. ನೀವು ಸ್ನಾನಕ್ಕೆ ಹೋಗಿರುತ್ತೀರಿ, ಅಷ್ಟೇ. ಅದಕ್ಕೆ ಯಾರನ್ನೂ ದೂರಬೇಡಿ, ನಿಮ್ಮನ್ನೂ ಸಹ. ಆ ದಿನಕ್ಕೆ ಬೇಕಾದ ಒಂದು ಹಾಳೆ ಈಗಲೇ ತಯಾರಾಗಿರಲಿ: ಇತ್ತೀಚಿನ ಫೋಟೊ, ಎತ್ತರ, ಗುರುತು, ತೆಗೆದುಕೊಳ್ಳುವ ಔಷಧಿ, ಹಿಂದೆ ಇದ್ದ ಮನೆಗಳು, ಕೆಲಸ ಮಾಡಿದ ಜಾಗ, ಇಷ್ಟದ ತಾಣಗಳು. ಬ್ರಿಟನ್ನಿನ ಪೊಲೀಸರು ಇಂಥ ಹಾಳೆಗೆ ಹರ್ಬರ್ಟ್ ಅವರ ಹೆಸರನ್ನೇ ಇಟ್ಟಿದ್ದಾರೆ. ಒಂದು ಪ್ರತಿ ನೆರೆಮನೆಯಲ್ಲೂ ಇರಲಿ. ಅವರ ಬಟ್ಟೆಗೆ ನಿಮ್ಮ ಫೋನ್ ನಂಬರ್ ಹೊಲಿಯಿರಿ, ಅಥವಾ ಕೈಗೆ ಬಳೆಯಂತೆ ಹಾಕಿ. ಜಿಪಿಎಸ್ ಗಡಿಯಾರ ಒಳ್ಳೆಯದೇ, ಚಾರ್ಜ್ ಮಾಡುವ ಹೊಣೆ ಒಬ್ಬರದಾಗಿದ್ದರೆ.

ಕಾಣೆಯಾದರೆ ಮೊದಲು ಮನೆಯೊಳಗೇ ನೋಡಿ: ಬೀರುವಿನ ಹಿಂದೆ, ಮಹಡಿ, ಬಚ್ಚಲು. ಆಮೇಲೆ ಹತ್ತಿರದಲ್ಲಿ ಬಾವಿ, ಕೆರೆ, ಕಾಲುವೆ ಇದ್ದರೆ ಅಲ್ಲಿಗೆ ಓಡಿ. ಹದಿನೈದು ನಿಮಿಷದಲ್ಲಿ ಸಿಗದಿದ್ದರೆ ಪೊಲೀಸರಿಗೆ ತಿಳಿಸಿ, ಕಾಣೆಯಾದವರಿಗೆ ಡಿಮೆನ್ಶಿಯಾ ಇದೆ ಎಂದು ಮೊದಲ ಮಾತಿನಲ್ಲೇ ಹೇಳಿ. ಒಂದು ದಿನ ಕಾಯಬೇಕು ಎಂಬುದು ತಪ್ಪು ತಿಳುವಳಿಕೆ. ಹೀಗೆ ಕಾಣೆಯಾದವರನ್ನು ಹುಡುಕಿ ಅನುಭವ ಇರುವವರು ಹೇಳುವ ಎರಡು ಸಂಗತಿ ನೆನಪಿಡಿ. ಇವರಲ್ಲಿ ಹೆಚ್ಚಿನವರು ಏನಾದರೂ ಅಡ್ಡ ಬರುವವರೆಗೆ ನಡೆಯುತ್ತಲೇ ಇರುತ್ತಾರೆ. ಪೊದೆಯಲ್ಲೋ ಚರಂಡಿಯಲ್ಲೋ ಸಿಕ್ಕಿಕೊಳ್ಳುತ್ತಾರೆ, ಬಹಳ ಸಲ ರಸ್ತೆಗೆ ಹತ್ತಿರದಲ್ಲೇ. ಎರಡನೆಯದು, ಹೆಸರು ಹಿಡಿದು ಕೂಗಿದರೆ ಓಗೊಡುವುದಿಲ್ಲ. ಉತ್ತರ ಬರಲಿಲ್ಲವೆಂದು ಮುಂದೆ ಹೋಗಬೇಡಿ. ಪೊದೆ ಸರಿಸಿ, ಬಗ್ಗಿ ನೋಡಿ.

ಸಿಕ್ಕಾಗ ಹಿಂದಿನಿಂದ ಹೋಗಿ ಹಿಡಿಯಬೇಡಿ. ಎದುರಿಗೆ ನಿಧಾನವಾಗಿ ಬಂದು, ನೀವು ಯಾರೆಂದು ಹೇಳಿ ಕೈ ನೀಡಿ. ಬೈಯಬೇಡಿ. ಅವರಿಗೆ ನಡೆದದ್ದು ಮರೆತರೂ ನಿಮ್ಮ ಬೈಗುಳದ ಭಯ ಉಳಿಯುತ್ತದೆ. ಮನೆಗೆ ಬಂದ ಮೇಲೆ ನೀರು ಕೊಡಿ, ಪಾದ ನೋಡಿ, ಬಿದ್ದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮತ್ತೆ ಆ ಹಾಳೆ ತೆಗೆದು, ಎಷ್ಟು ಹೊತ್ತಿಗೆ ಹೊರಟರು, ಎಲ್ಲಿ ಸಿಕ್ಕರು ಎಂದು ಸೇರಿಸಿ. ಇನ್ನೊಮ್ಮೆ ಹುಡುಕಬೇಕಾಗಿ ಬಂದರೆ ಒಬ್ಬರು ನೇರ ಆ ಜಾಗಕ್ಕೇ ಹೋಗಬಹುದು.