ಎರಡು ಹಾಡುಗಳ ಹೆಸರಿನಡಿ ಮರೆಯಾದ ಆಲ್ಬಮ್

ಹೊಸ ತಂಡವೊಂದು ತನ್ನ ಮೊದಲ ಆಲ್ಬಮ್‌ಗೆ ಸ್ವಂತದ್ದೊಂದು ಹೆಸರಿಡದೆ, ಆಗಲೇ ಜನಪ್ರಿಯವಾಗಿದ್ದ ಎರಡು ಹಾಡುಗಳ ಹೆಸರನ್ನೇ ಅಂಗಡಿಯ ಬೋರ್ಡಿನಂತೆ ಮುಖಪುಟಕ್ಕೆ ಹಾಕಿಕೊಂಡರೆ, ಉಳಿದ ಒಂಬತ್ತು ಹಾಡುಗಳನ್ನು ಯಾರು ತಾನೆ ಕೇಳುತ್ತಾರೆ? ನ್ಯೂಯಾರ್ಕಿನ ಪಾಪ್ ಸಂಗೀತ ತಂಡ 'ದಿ ಲೆಫ್ಟ್ ಬ್ಯಾಂಕ್'ಗೆ 1967ರಲ್ಲಿ ಆದದ್ದು ಇದೇ. ಸ್ಮ್ಯಾಶ್ ರೆಕಾರ್ಡ್ಸ್ ಹೊರತಂದ ಆ ಆಲ್ಬಮ್‌ನ ಹೆಸರು 'ವಾಕ್ ಅವೇ ರೆನೇ / ಪ್ರಿಟಿ ಬ್ಯಾಲರೀನಾ'. ಮೊದಲನೆಯ ಹಾಡು 1966ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ 5ನೇ ಸ್ಥಾನಕ್ಕೂ, ಎರಡನೆಯದು ಮರುವರ್ಷ 15ನೇ ಸ್ಥಾನಕ್ಕೂ ಏರಿದ್ದವು.

'ರೆನೇ' ಹಾಡಿನ ಹಿಂದಿದ್ದವನು ತಂಡದ ಹಾರ್ಪ್ಸಿಕಾರ್ಡ್ ವಾದಕ, 16ರ ಹುಡುಗ ಮೈಕೆಲ್ ಬ್ರೌನ್. ಪ್ರಸಿದ್ಧ ವಾದ್ಯವೃಂದ ನಿರ್ದೇಶಕ ಟೋಸ್ಕನೀನಿಯ ಎನ್‌ಬಿಸಿ ಸಿಂಫನಿಯಲ್ಲಿ ಪಿಟೀಲು ನುಡಿಸಿದ್ದ ಹ್ಯಾರಿ ಲುಕಾಫ್‌ಸ್ಕಿ ಅವನ ತಂದೆ; ಧ್ವನಿಮುದ್ರಣ ನಡೆದದ್ದೂ ತಂದೆಯ ಸ್ಟುಡಿಯೋದಲ್ಲೇ. ರೆನೇ ಎಂಬಾಕೆ ತಂಡದ ಬಾಸ್ ವಾದಕ ಟಾಮ್ ಫಿನ್‌ನ ಗೆಳತಿ; ಬ್ರೌನ್ ಮನಸೋತದ್ದೂ ಆಕೆಗೇ. ಆಕೆ ಸ್ಟುಡಿಯೋದ ಗಾಜಿನಾಚೆ ಕುಳಿತಿದ್ದಾಗ ಕೈ ನಡುಗಿ ಹಾರ್ಪ್ಸಿಕಾರ್ಡ್ ನುಡಿಸಲಾಗದೆ, ಆಕೆ ಇಲ್ಲದ ಹೊತ್ತಿನಲ್ಲಿ ಬಂದು ನುಡಿಸಿದೆನೆಂದು ಬ್ರೌನ್ ಮುಂದೆ ಹೇಳಿಕೊಂಡಿದ್ದಾನೆ. ಹಾರ್ಪ್ಸಿಕಾರ್ಡ್ ಪಿಯಾನೋದಂತೆ ಕೀಲಿಮಣೆಯಿದ್ದರೂ ತಂತಿಯನ್ನು ಮೀಟುವ ವಾದ್ಯ. ಅದರ ಕೀಲಿಯನ್ನು ಎಷ್ಟೇ ಬಲವಾಗಿ ಒತ್ತಿದರೂ ಸದ್ದು ಹೆಚ್ಚುವುದಿಲ್ಲ. ಆದ್ದರಿಂದ ಎದೆಯ ಅಳಲನ್ನೆಲ್ಲ ಹೊರುವ ಕೆಲಸ ಗಾಯಕ ಸ್ಟೀವ್ ಮಾರ್ಟಿನ್‌ನ ಕಂಠಕ್ಕೆ, ಪಿಟೀಲುಗಳಿಗೆ ಮತ್ತು ನಡುವೆ ಬರುವ ಆ ಮಂದ್ರದ ಕೊಳಲಿಗೆ ಬೀಳುತ್ತದೆ. ವಾದ್ಯದ ಈ ಬಿಗುಮಾನವೇ ಹಾಡನ್ನು ಗೋಳಾಟವಾಗದಂತೆ ಕಾಪಾಡಿದೆ ಎಂಬುದು ನನ್ನ ಎಣಿಕೆ.

'ಪ್ರಿಟಿ ಬ್ಯಾಲರೀನಾ' ಇನ್ನೂ ವಿಚಿತ್ರವಾದ ಹಾಡು. ಇದರಲ್ಲಿ ಪಾಶ್ಚಾತ್ಯ ಸಂಗೀತದ ಲಿಡಿಯನ್ ಮತ್ತು ಮಿಕ್ಸೋಲಿಡಿಯನ್ ಎಂಬ ಎರಡು ಸ್ವರಶ್ರೇಣಿಗಳೂ ಬೆರೆತಿವೆಯೆಂದು ವಾದ್ಯವೃಂದ ನಿರ್ದೇಶಕ ಲಿಯೊನಾರ್ಡ್ ಬರ್ನ್‌ಸ್ಟೈನ್ 1967ರ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಬೆರಗಿನಿಂದ ಹೇಳಿದ್ದರು. ಲಿಡಿಯನ್ ಎಂದರೆ ನಮ್ಮ ಕಲ್ಯಾಣಿ ರಾಗದ ಸ್ವರಗಳು, ಮಿಕ್ಸೋಲಿಡಿಯನ್ ಎಂದರೆ ಹರಿಕಾಂಭೋಜಿಯವು. ಮೊದಲನೆಯದರ ಪ್ರತಿಮಧ್ಯಮವನ್ನೂ (ಏರಿಸಿದ 'ಮ') ಎರಡನೆಯದರ ಕೈಶಿಕಿ ನಿಷಾದವನ್ನೂ (ಇಳಿಸಿದ 'ನಿ') ಕೂಡಿಸಿದರೆ 64ನೇ ಮೇಳಕರ್ತ ರಾಗವಾದ ವಾಚಸ್ಪತಿ ಸಿಗುತ್ತದೆ. ಹಾಡು ವಾಚಸ್ಪತಿಯಲ್ಲಿದೆ ಎಂದು ನಾನು ವಾದಿಸುತ್ತಿಲ್ಲ, ಸ್ವರಗಳನ್ನು ತೂಗಿಸುವ ಗಮಕವಿಲ್ಲದ ಕಡೆ ರಾಗವೆಲ್ಲಿಂದ ಬಂತು? ಆದರೆ ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿ ಈ ಹಾಡಿಗೆ ಥಟ್ಟನೆ ನಿಮಿರುವುದೇಕೆ ಎಂಬುದಕ್ಕೆ ಕಾರಣ ಇಲ್ಲಿದೆ.

ಉಳಿದವುಗಳಲ್ಲಿ 'ಲೆಟ್ ಗೋ ಆಫ್ ಯು ಗರ್ಲ್' ಸಾಧಾರಣ ಹಾಡು, ಒಪ್ಪುತ್ತೇನೆ. ಆದರೆ 'ಬಾರ್ಟರರ್ಸ್ ಆ್ಯಂಡ್ ದೇರ್ ವೈವ್ಸ್' ಹಾಡಿನಲ್ಲಿ ಹಾರ್ಪ್ಸಿಕಾರ್ಡಿನ ಮೇಲೆ ಕಂಠಗಳು ಒಂದರೊಳಗೊಂದು ಹೆಣೆದುಕೊಳ್ಳುವುದನ್ನು ಕೇಳಿದವರು, ಇದು ಎರಡು ಜನಪ್ರಿಯ ಹಾಡುಗಳ ಸುತ್ತ ತುಂಬಿದ ಹೊಟ್ಟು ಎಂದು ಹೇಳಲಾರರು.

ಹಾಗಾದರೆ ಈ ಆಲ್ಬಮ್ ಮರೆಯಾದದ್ದೇಕೆ? ಕಂಪನಿಯ ಅವಸರ ಅರ್ಧ ಕಾರಣ, ಮನೆಯ ಜಗಳ ಇನ್ನರ್ಧ. ಅದೇ ವರ್ಷ ಬ್ರೌನ್ ಗೆಳೆಯರನ್ನು ಬಿಟ್ಟು, ಬೇರೆ ಗಾಯಕನಿಂದ 'ಐವಿ, ಐವಿ' ಹಾಡಿಸಿ, ಅದನ್ನು ತಂಡದ ಹೆಸರಿನಲ್ಲೇ ಬಿಡುಗಡೆ ಮಾಡಿದ. ಉಳಿದವರು ವಕೀಲರ ಮೊರೆಹೋದರು. ನಿಜವಾದ ತಂಡ ಯಾವುದೆಂಬ ಗೊಂದಲದಲ್ಲಿ ರೇಡಿಯೋದವರು ದೂರ ಸರಿದರು. 'ರೆನೇ' ಮಾತ್ರ ಫೋರ್ ಟಾಪ್ಸ್ ತಂಡದ ಕಂಠದಲ್ಲಿ ಮತ್ತೊಮ್ಮೆ ಜನಪ್ರಿಯವಾಯಿತು. 1968ರಲ್ಲಿ ಎರಡನೆಯ ಆಲ್ಬಮ್ ಬಂದಾಗ ಅದರ ಬಹುಪಾಲು ಹಾಡುಗಳಲ್ಲಿ ಬ್ರೌನ್ ಇರಲಿಲ್ಲ. ಅದರ ಹೆಸರು 'ದಿ ಲೆಫ್ಟ್ ಬ್ಯಾಂಕ್ ಟೂ'. ಸ್ವಂತದ್ದೊಂದು ಹೆಸರು ಈ ಸಲವೂ ಯಾರಿಗೂ ಹೊಳೆದಿರಲಿಲ್ಲ.