ಪ್ಲೇಟ್ಲೆಟ್ ಕಡಿಮೆ ಇದೆ, ಯಾವ ಔಷಧಿ?

ಕೇಳುಗರೇ, ನಮಸ್ಕಾರ.

ರಿಪೋರ್ಟಿನಲ್ಲಿ ಪ್ಲೇಟ್ಲೆಟ್ 35,000 ಎಂದು ಕಂಡರೆ ಮನೆಮಂದಿಗೆಲ್ಲ ಡೆಂಗಿಯ ನೆನಪು, ಪಪ್ಪಾಯಿ ಎಲೆ ರಸದ ಸಲಹೆ. ಆದರೆ ಪ್ಲೇಟ್ಲೆಟ್ ಇಳಿಸುವ ಇನ್ನೊಂದು ಕಾಯಿಲೆ ಐಟಿಪಿ (ಇಮ್ಯೂನ್ ಥ್ರಾಂಬೊಸೈಟೊಪೀನಿಯಾ), ಅದರ ದಾರಿ ಬೇರೆ. ಇಲ್ಲಿ ನಮ್ಮದೇ ಪ್ರತಿಕಾಯಗಳು ಪ್ಲೇಟ್ಲೆಟ್‌ಗಳಿಗೆ ಅಂಟಿಕೊಳ್ಳುತ್ತವೆ, ಹಾಗೆ ಅಂಟಿಸಿಕೊಂಡವನ್ನು ಗುಲ್ಮ (ಸ್ಪ್ಲೀನ್) ಹಿಡಿದು ನಾಶಮಾಡುತ್ತದೆ. 12 ತಿಂಗಳು ದಾಟಿದರೆ ಅದು ದೀರ್ಘಕಾಲೀನ ಐಟಿಪಿ.

ಮೊದಲು ಆ ಎಣಿಕೆ ನಿಜವೇ ಎಂದು ಖಚಿತವಾಗಬೇಕು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಇಡಿಟಿಎ ಎಂಬ ರಾಸಾಯನಿಕ ಕೆಲವರ ಪ್ಲೇಟ್ಲೆಟ್‌ಗಳನ್ನು ಗುಂಪುಗಟ್ಟಿಸುತ್ತದೆ, ಯಂತ್ರ ಆ ಗುಂಪುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸ್ಮಿಯರ್, ಅಂದರೆ ಗಾಜಿನ ಮೇಲೆ ಸವರಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ಇಡಿಟಿಎ ಬದಲು ಸಿಟ್ರೇಟ್ ಇರುವ ಟ್ಯೂಬಿನಲ್ಲಿ ಮತ್ತೊಮ್ಮೆ ಎಣಿಸಿದರೆ ಗೊತ್ತಾಗುತ್ತದೆ.

ಎಣಿಕೆ 30,000ಕ್ಕಿಂತ ಮೇಲಿದ್ದು ರಕ್ತಸ್ರಾವ ಇಲ್ಲದಿದ್ದರೆ ಎಷ್ಟೋ ವಯಸ್ಕರಿಗೆ ಔಷಧಿಯೇ ಬೇಡ, ಆಗಾಗ ಪರೀಕ್ಷೆ ಸಾಕು. ಸಹಜ ಮಟ್ಟವಾದ ಒಂದೂವರೆ ಲಕ್ಷ ಮುಟ್ಟಿಸಲೇಬೇಕೆಂಬ ಹಟದಿಂದ ಆಗುವ ಹಾನಿಯೇ ಹೆಚ್ಚು. ಮೊದಲ ಔಷಧಿಯಾಗಿ ಕೊಡುವ ಸ್ಟೀರಾಯ್ಡನ್ನು ತಿಂಗಳುಗಟ್ಟಲೆ ನುಂಗುವುದು ಇದೇ ಹಟದ ಫಲ. ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ನಿದ್ದೆ ಕೆಡುತ್ತದೆ. ಡೋಸ್ ಇಳಿಸಿದೊಡನೆ ಹಲವರಲ್ಲಿ ಎಣಿಕೆಯೂ ಇಳಿಯುತ್ತದೆ. ಸ್ಟೀರಾಯ್ಡ್ ಶುರುವಾಗಿ ಆರು ವಾರ ದಾಟುವ ಮೊದಲೇ ಮುಂದಿನ ದಾರಿಯ ಮಾತು ವೈದ್ಯರೊಡನೆ ಆಗಿರಬೇಕು.

ಆ ದಾರಿಗಳಲ್ಲೊಂದಾದ ಎಲ್ಟ್ರೊಂಬೊಪ್ಯಾಗ್ ಮಾತ್ರೆ ಮೂಳೆಮಜ್ಜೆಯಲ್ಲಿ ಪ್ಲೇಟ್ಲೆಟ್ ಉತ್ಪಾದನೆ ಹೆಚ್ಚಿಸುತ್ತದೆ. ಫಲ ಕಾಣಲು ಒಂದೆರಡು ವಾರ ಬೇಕು. ನಮ್ಮ ಕಡೆ ಇದು ಸೋಲುವುದು ಹೆಚ್ಚಾಗಿ ಊಟದ ತಟ್ಟೆಯಲ್ಲೇ. ಕ್ಯಾಲ್ಸಿಯಂ, ಕಬ್ಬಿಣ ಇದನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ. ಹಾಲು, ಮಜ್ಜಿಗೆ ಎಂದರೆ ಎಲ್ಲರಿಗೂ ಹೊಳೆಯುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ ಎನ್ನುವುದು ಮರೆತುಹೋಗುತ್ತದೆ. ಇಂಥವನ್ನು ತಿಂದ ಮೇಲೆ ನಾಲ್ಕು ಗಂಟೆ ಬಿಟ್ಟು ಮಾತ್ರೆ, ಮಾತ್ರೆಯ ಬಳಿಕ ಎರಡು ಗಂಟೆ ಬಿಟ್ಟು ಇವು. ರಾತ್ರಿ ಏಳಕ್ಕೆ ಮುದ್ದೆ ಉಂಡವರು ಹನ್ನೊಂದಕ್ಕೆ ನುಂಗಬಹುದು. ಆ್ಯಂಟಾಸಿಡ್‌ಗೂ ಇದೇ ಲೆಕ್ಕ. ಡೋಸ್ ಸಾಲದೆಂದು ಏರಿಸುವ ಮುನ್ನ ಈ ಗಡಿಯಾರ ನೋಡಿ. ಯಕೃತ್ತಿನ ಪರೀಕ್ಷೆ ತಪ್ಪಿಸಬೇಡಿ. ಮಾತ್ರೆ ಮುಗಿಯಿತೆಂದು ದಿಢೀರನೆ ನಿಲ್ಲಿಸಿದರೆ ಎಣಿಕೆ ಮೊದಲಿಗಿಂತಲೂ ಕೆಳಗೆ ಬೀಳಬಹುದು; ತಿಂಗಳ ಖರ್ಚು ನಿಭಾಯಿಸಲಾಗುತ್ತದೆಯೇ ಎಂದು ಆರಂಭದಲ್ಲೇ ಕೇಳಿಕೊಳ್ಳುವುದು ಅದಕ್ಕೇ. ಗರ್ಭ ಧರಿಸುವ ಯೋಚನೆ ಇದ್ದರೆ ಅದನ್ನೂ ಮೊದಲೇ ಹೇಳಿ.

ಇದೇ ಕೆಲಸ ಮಾಡುವ ರೊಮಿಪ್ಲೊಸ್ಟಿಮ್ ವಾರಕ್ಕೊಂದು ಚುಚ್ಚುಮದ್ದು, ಊಟದ ಕಟ್ಟುಪಾಡಿಲ್ಲ. ಪ್ರತಿಕಾಯ ತಯಾರಿಯನ್ನು ತಗ್ಗಿಸುವ ರಿಟುಕ್ಸಿಮ್ಯಾಬ್ ಔಷಧಿಗೆ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ; ಅಡಗಿದ್ದ ವೈರಸ್ ಮತ್ತೆ ಕೆರಳಬಹುದು. ಈ ಔಷಧಿಯ ಫಲ ಹಲವರಲ್ಲಿ ಒಂದೆರಡು ವರ್ಷಕ್ಕೆ ಕರಗುತ್ತದೆ.

ಗುಲ್ಮ ತೆಗೆಸಿದವರಲ್ಲಿ ಸುಮಾರು ಮೂರರಲ್ಲಿ ಇಬ್ಬರಿಗೆ ದೀರ್ಘಕಾಲದ ಫಲ ಸಿಗುತ್ತದೆ. ಆದರೆ ಒಂದು ವರ್ಷವಾದರೂ ಕಾಯುವುದು ಒಳ್ಳೆಯದು, ತಾನಾಗಿ ಚೇತರಿಸಿಕೊಳ್ಳುವವರೂ ಇದ್ದಾರೆ. ಶಸ್ತ್ರಚಿಕಿತ್ಸೆಗೆ ಎರಡು ವಾರ ಮೊದಲೇ ನ್ಯುಮೊಕಾಕಸ್, ಮೆನಿಂಗೊಕಾಕಸ್, ಹಿಬ್ ಎಂಬ ಬ್ಯಾಕ್ಟೀರಿಯಾಗಳ ವಿರುದ್ಧದ ಲಸಿಕೆಗಳಾಗಿರಬೇಕು, ಗುಲ್ಮವಿಲ್ಲದವರಿಗೆ ಸೋಂಕಿನ ಅಪಾಯ ಹೆಚ್ಚು. ಆಮೇಲೆ ಜೀವನವಿಡೀ, ಚಳಿ, ಜ್ವರ ಬಂದ ದಿನವೇ ಆಸ್ಪತ್ರೆ.

ಯಾವ ದಾರಿ ಹಿಡಿದರೂ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ; ನೋವಿಗೆ ಪ್ಯಾರಾಸಿಟಮಾಲ್. ಬಾಯೊಳಗೆ ರಕ್ತಗುಳ್ಳೆ, ಕಪ್ಪು ಮಲ, ಹಠಾತ್ತನೆ ಸಿಡಿಯುವ ತಲೆನೋವು ಕಂಡರೆ ಬೆಳಗಿನ ಲ್ಯಾಬಿಗೆ ಕಾಯದೆ ಆಗಲೇ ತುರ್ತು ಚಿಕಿತ್ಸಾ ಘಟಕಕ್ಕೆ ಹೊರಡಿ. ಹಳೆಯ ರಿಪೋರ್ಟು, ನುಂಗುತ್ತಿರುವ ಮಾತ್ರೆಯ ಪಟ್ಟಿ ಕೈಯಲ್ಲಿರಲಿ.