ರೇಡಿಯೊ ಹಾಕದ ಹಾಡುಗಳು

ಕೇಳುಗರೆಲ್ಲರಿಗೂ ನಮಸ್ಕಾರ.

1964ರ ಆಗಸ್ಟ್ ತಿಂಗಳು. ಅಮೆರಿಕದ ಸಂಗೀತ ವ್ಯಾಪಾರದವರೆಲ್ಲ ಓದುವ ‘ಬಿಲ್‌ಬೋರ್ಡ್’ ವಾರಪತ್ರಿಕೆಯಲ್ಲಿ ಪುಟದ ತುಂಬ ಒಂದು ಜಾಹೀರಾತು ಬಂತು. ಕೈಯಿಂದ ದುಡ್ಡು ಕೊಟ್ಟು ಹಾಕಿಸಿದವರು ಹಾಡುಗಾರ ಜಾನಿ ಕ್ಯಾಶ್. ರೇಡಿಯೊ ನಿಲಯಗಳ ಮಾಲೀಕರಿಗೆ, ಮ್ಯಾನೇಜರುಗಳಿಗೆ, ಹಾಡು ಹಾಕುವ ಡಿಜೆಗಳಿಗೆ ಬರೆದ ಬಹಿರಂಗ ಪತ್ರ ಅದು. ಅದರಲ್ಲಿ ಅವರು ಕೇಳಿದ್ದು: ನಿಮ್ಮ ಗುಂಡಿಗೆ ಎಲ್ಲಿ ಹೋಯಿತು?

ಇಷ್ಟು ಸಿಟ್ಟು ಬರಲು ಕಾರಣವಾದದ್ದು ಒಂದು ಹಾಡು. ಐರಾ ಹೇಯ್ಸ್ ಎಂಬ ಸೈನಿಕನ ಕಥೆ. ಎರಡನೇ ಮಹಾಯುದ್ಧದಲ್ಲಿ, 1945ರ ಫೆಬ್ರವರಿಯಲ್ಲಿ, ಇವೊ ಜಿಮಾ ದ್ವೀಪದ ಗುಡ್ಡದ ಮೇಲೆ ಆರು ಜನ ಸೈನಿಕರು ಅಮೆರಿಕದ ಬಾವುಟ ನಿಲ್ಲಿಸುತ್ತಿರುವ ಫೋಟೊವನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ. ಆ ಆರು ಜನರಲ್ಲಿ ಒಬ್ಬ ಈ ಐರಾ. ಅರಿಜೋನಾದ ಪಿಮಾ ಬುಡಕಟ್ಟಿನ ಹುಡುಗ. ಪಿಮಾ ಜನ ತಲೆತಲಾಂತರದಿಂದ ಹೀಲಾ ನದಿಯ ನೀರಿನಲ್ಲಿ ಬೇಸಾಯ ಮಾಡಿಕೊಂಡು ಬಂದವರು. ಮೇಲುಭಾಗದಲ್ಲಿ ನೆಲೆ ನಿಂತ ಬಿಳಿಯರು ಆ ನೀರನ್ನು ತಮ್ಮ ಹೊಲಗಳಿಗೆ ತಿರುಗಿಸಿಕೊಂಡರು. ಕೆಳಗಿನವರ ಹೊಲ ಒಣಗಿತು. ನದಿ ನೀರಿನ ಜಗಳ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯುದ್ಧದಿಂದ ವೀರನಾಗಿ ಮರಳಿದ ಐರಾ ಕುಡಿತಕ್ಕೆ ಬಿದ್ದ. 1955ರ ಜನವರಿಯಲ್ಲಿ, 32ನೇ ವಯಸ್ಸಿಗೆ, ಒಂದು ಚಳಿಯ ರಾತ್ರಿ ಊರಲ್ಲೇ ಬಯಲಲ್ಲಿ ಬಿದ್ದು ಸತ್ತ.

ಪೀಟರ್ ಲಾ ಫಾರ್ಜ್ ಬರೆದ ಈ ಹಾಡನ್ನು ಕ್ಯಾಶ್ ಹಾಡಿದರು. ಎಷ್ಟೋ ಕಂಟ್ರಿ ರೇಡಿಯೊ ನಿಲಯಗಳು ಅದನ್ನು ಹಾಕಲೇ ಇಲ್ಲ. ಆಗ ಬಂದದ್ದು ಆ ಜಾಹೀರಾತು. ಅಷ್ಟರ ಮೇಲೂ ಹಾಡು ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೆ ಏರಿತು ಎಂದರೆ, ಕೇಳುವವರು ಇದ್ದರು, ಕೇಳಿಸುವವರಿಗೆ ಮಾತ್ರ ಅಂಜಿಕೆ ಇತ್ತು ಎಂದೇ ಅರ್ಥ.

ಕಂಟ್ರಿ ಸಂಗೀತ ಎಂದರೆ ಅಮೆರಿಕದ ಹಳ್ಳಿಗಾಡಿನ, ಹೆಚ್ಚಾಗಿ ದಕ್ಷಿಣ ರಾಜ್ಯಗಳ ಬಡ ಬಿಳಿಯರ ಸಂಗೀತ ಎಂಬ ಹೆಸರಿದೆ. ಪಿಟೀಲು, ಗಿಟಾರು, ಬ್ಯಾಂಜೊ. ಬ್ಯಾಂಜೊ ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಾದ್ಯ ಎನ್ನುವುದನ್ನು ಬಹಳ ಜನ ಮರೆತಿದ್ದಾರೆ. ಈ ಸಂಗೀತ ಚರ್ಚು, ಬಾವುಟ, ಹಳೆಯ ಕಟ್ಟುಪಾಡುಗಳ ಪರ ಎಂದು ಹೊರಗಿನವರು ತಿಳಿದಿದ್ದಾರೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಅದೇ ಜನರೊಳಗಿಂದ, ಅವರದೇ ಮಾತಿನಲ್ಲಿ, ಅವರಿಗೆ ಕಹಿಯಾದದ್ದನ್ನು ಹೇಳಿದವರೂ ಹುಟ್ಟಿಬಂದರು. ನಾನು ಇವತ್ತು ಆಡಬೇಕೆಂದುಕೊಂಡಿರುವ ಮಾತು ಅವರದ್ದು. ಕ್ಯಾಶ್ ಸ್ವತಃ ಆರ್ಕನ್ಸಾದ ಹೊಲದಲ್ಲಿ ಹತ್ತಿ ಬಿಡಿಸಿ ಬೆಳೆದವರು.

ಈಗ ಲೊರೆಟಾ ಲಿನ್ ಅವರ ವಿಷಯಕ್ಕೆ ಬರುತ್ತೇನೆ. ನನಗೆ ತುಂಬ ಹತ್ತಿರವಾದವರು. ಕೆಂಟುಕಿ ರಾಜ್ಯದ ಬುಚರ್ ಹಾಲೊ ಎಂಬ ಗುಡ್ಡದ ಸಂದಿಯ ಊರು. ತಂದೆ ಕಲ್ಲಿದ್ದಲು ಗಣಿಯ ಕೂಲಿ. ಲೊರೆಟಾ ಹುಟ್ಟಿದ್ದು 1932ರಲ್ಲಿ, ಮದುವೆಯಾದದ್ದು 15ನೇ ವಯಸ್ಸಿಗೆ. ಹೆತ್ತ ಮಕ್ಕಳು ಒಟ್ಟು ಆರು. ಬಸಿರು, ಬಾಣಂತನ, ಮತ್ತೆ ಬಸಿರು. ನಮ್ಮ ಅಜ್ಜಿಯಂದಿರ ಬದುಕಿನ ಲೆಕ್ಕವೂ ಇದೇ ಅಲ್ಲವೇ?

1975ರಲ್ಲಿ ಅವರ ‘ದಿ ಪಿಲ್’ ಎಂಬ ಹಾಡು ಹೊರಬಂತು. ಪಿಲ್ ಎಂದರೆ ಗರ್ಭನಿರೋಧಕ ಗುಳಿಗೆ. ವರ್ಷ ವರ್ಷ ಬಸಿರಾಗಿ ಮನೆಯಲ್ಲೇ ಉಳಿದ ಹೆಂಡತಿ, ಹೊರಗೆ ಮೆರೆಯುವ ಗಂಡನಿಗೆ, ಇನ್ನು ಸಾಕು, ನನ್ನ ಕೈಗೆ ಗುಳಿಗೆ ಬಂದಿದೆ ಎಂದು ನಗುನಗುತ್ತ ಹೇಳುವ ಹಾಡು. ಗುಳಿಗೆಗೆ ಅಮೆರಿಕದ ಸರ್ಕಾರ ಒಪ್ಪಿಗೆ ಕೊಟ್ಟದ್ದು 1960ರಲ್ಲೇ. ಆದರೆ ಒಪ್ಪಿಗೆ ಸಿಕ್ಕ ಮಾತ್ರಕ್ಕೆ ಅದು ಗುಡ್ಡದ ಮೇಲಿನ ಹೆಂಗಸಿನ ಕಿವಿಗೆ ಬೀಳುತ್ತದೆಯೇ? ಮದುವೆಯಾಗದ ಹೆಣ್ಣಿಗೂ ಅದು ಸಿಗಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು 1972ರಲ್ಲಿ. ಅದೇ ವರ್ಷ ಈ ಹಾಡಿನ ಧ್ವನಿಮುದ್ರಣವೂ ಮುಗಿದಿತ್ತು. ರೆಕಾರ್ಡ್ ಕಂಪನಿ ಹೆದರಿ ಮೂರು ವರ್ಷ ಒಳಗಿಟ್ಟಿತು.

ಬಿಡುಗಡೆಯಾದಾಗ ಹಲವಾರು ನಿಲಯಗಳು ಹಾಡನ್ನು ನಿಷೇಧಿಸಿದವು. ಕೆಂಟುಕಿಯ ಒಬ್ಬ ಪಾದ್ರಿ ಚರ್ಚಿನಲ್ಲಿ ನಿಂತು ಖಂಡಿಸಿದರು. ಜನ ರೆಕಾರ್ಡು ಕೊಳ್ಳುವುದನ್ನು ಬಿಡಲಿಲ್ಲ, ಹಾಡು ಕಂಟ್ರಿ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೆ ಬಂತು. ಹಳ್ಳಿಗಳಲ್ಲಿ ಕೆಲಸ ಮಾಡುವ ವೈದ್ಯರು ಲೊರೆಟಾ ಅವರಿಗೆ ಹೇಳಿದರಂತೆ, ನಾವು ಹಂಚಿದ ಕರಪತ್ರಗಳೆಲ್ಲ ಸೇರಿ ಮಾಡದ ಕೆಲಸವನ್ನು ಈ ಒಂದು ಹಾಡು ಮಾಡಿತು ಎಂದು. ನನಗೆ ಆಶ್ಚರ್ಯವಿಲ್ಲ. ಕರಪತ್ರ ಓದಲು ಅಕ್ಷರ ಬೇಕು, ಪುರುಸೊತ್ತು ಬೇಕು. ಹಾಡು ಪಾತ್ರೆ ತೊಳೆಯುವಾಗಲೂ ಕೇಳುತ್ತದೆ.

ಒಂದು ಮಾತು ಸೇರಿಸಲೇಬೇಕು. ಲೊರೆಟಾ ತಮ್ಮನ್ನು ಸ್ತ್ರೀವಾದಿ ಎಂದು ಕರೆದುಕೊಂಡವರಲ್ಲ. ಕೊನೆಗಾಲದಲ್ಲಿ, 2016ರ ಚುನಾವಣೆಯಲ್ಲಿ, ಅವರು ಬೆಂಬಲಿಸಿದ್ದು ಟ್ರಂಪ್ ಅವರನ್ನು. ಇದನ್ನು ಮುಚ್ಚಿಟ್ಟು ಅವರನ್ನು ನಮಗೆ ಬೇಕಾದ ಚೌಕಟ್ಟಿಗೆ ಕೂರಿಸುವುದು ಸರಿಯಲ್ಲ. ಅವರು ಹಾಡಿದ್ದು ತತ್ವವನ್ನಲ್ಲ, ತಮ್ಮ ಮೈಮೇಲೆ ಹಾದು ಹೋದದ್ದನ್ನು. ಅದಕ್ಕೇ ಆ ಹಾಡು ಅಷ್ಟು ದೂರ ಹೋಯಿತು.

2003ರ ಹೊತ್ತಿಗೆ ಕಾಲ ಬದಲಾಗಿತ್ತು. ಬದಲಾದದ್ದು ರೇಡಿಯೊ. ಮೊದಲು ಒಬ್ಬ ಮಾಲೀಕರ ಕೈಯಲ್ಲಿ ಎಷ್ಟು ನಿಲಯ ಇರಬಹುದು ಎಂಬುದಕ್ಕೆ ಅಮೆರಿಕದಲ್ಲಿ ಮಿತಿ ಇತ್ತು. 1996ರ ದೂರಸಂಪರ್ಕ ಕಾಯ್ದೆ ರಾಷ್ಟ್ರಮಟ್ಟದ ಆ ಮಿತಿಯನ್ನು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಬಳಿ 1,200ಕ್ಕೂ ಹೆಚ್ಚು ನಿಲಯಗಳು ಸೇರಿದವು. ಕ್ಯಾಶ್ ಅವರ ಕಾಲದಲ್ಲಿ ಒಂದೂರಿನ ಡಿಜೆ ಹೆದರಿದರೆ ಪಕ್ಕದೂರಿನವನು ಹಾಡು ಹಾಕಬಹುದಿತ್ತು. ಈಗ ದೂರದ ಒಂದು ಕಚೇರಿಯ ತೀರ್ಮಾನ ಹತ್ತಾರು ಊರುಗಳ ಬಾಯಿ ಕಟ್ಟಬಲ್ಲದು.

ಇರಾಕ್ ಯುದ್ಧಕ್ಕೆ ಹತ್ತು ದಿನ ಬಾಕಿ ಇತ್ತು. ಮಾರ್ಚ್ 10ರಂದು ಲಂಡನ್ನಿನ ವೇದಿಕೆಯ ಮೇಲೆ ಡಿಕ್ಸಿ ಚಿಕ್ಸ್ ಎಂಬ ಕಂಟ್ರಿ ತಂಡದ ಗಾಯಕಿ ನ್ಯಾಟಲಿ ಮೇನ್ಸ್, ನಮಗೆ ಈ ಯುದ್ಧ ಬೇಡ, ಅಧ್ಯಕ್ಷರು ನಮ್ಮ ಟೆಕ್ಸಸ್‌ನವರು ಎನ್ನುವುದಕ್ಕೆ ನಾಚಿಕೆಯಾಗುತ್ತದೆ ಎಂದರು. ಆಗ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಅವರದೇ ಹಾಡು. ಅದೂ ಯುದ್ಧಕ್ಕೆ ಹೋಗಿ ಮರಳದ ಒಬ್ಬ ಸೈನಿಕನ ಹಾಡು. ಕೆಲವೇ ವಾರಗಳಲ್ಲಿ ಅದು ಪಟ್ಟಿಯಿಂದಲೇ ಇಲ್ಲವಾಯಿತು. ಕ್ಯುಮುಲಸ್ ಕಂಪನಿ ತನ್ನ 42 ಕಂಟ್ರಿ ನಿಲಯಗಳಲ್ಲಿ ಆ ತಂಡದ ಹಾಡುಗಳನ್ನು ನಿಲ್ಲಿಸಿತು. ಲೂಸಿಯಾನಾದಲ್ಲಿ ಅವರ ಸಿಡಿಗಳನ್ನು ರಾಶಿ ಹಾಕಿ ಟ್ರ್ಯಾಕ್ಟರ್ ಹರಿಸಿದರು. ಡಲ್ಲಾಸ್‌ನಲ್ಲಿ ನ್ಯಾಟಲಿ ಅವರನ್ನು ಕೊಲ್ಲುವುದಾಗಿ ಬೆದರಿಕೆ ಬಂತು. ಪೊಲೀಸರ ಕಾವಲಿನಲ್ಲಿ ಅವರು ಅಂದೂ ಹಾಡಿದರು. ಆ ಜುಲೈನಲ್ಲಿ ಸೆನೆಟ್ ಸಮಿತಿಯೊಂದು ಕ್ಯುಮುಲಸ್‌ನ ಮುಖ್ಯಸ್ಥರನ್ನೇ ಕರೆಸಿ ಪ್ರಶ್ನೆ ಕೇಳಿತು.

ಚಿಕ್ಸ್ ತಂಡದ ಪರ ನಿಂತವರಲ್ಲಿ ಒಬ್ಬರು ಕಂಟ್ರಿ ಗಾಯಕ ಮರ್ಲ್ ಹ್ಯಾಗರ್ಡ್. ವಿಯೆಟ್ನಾಂ ಯುದ್ಧದ ವಿರೋಧಿಗಳನ್ನು ಕೆಣಕುವ ಹಾಡಿನಿಂದ 1969ರಲ್ಲಿ ಹೆಸರಾದ ಹ್ಯಾಗರ್ಡ್! ಬಿಳಿಯ ಗಂಡು, ಕರಿಯ ಹೆಣ್ಣಿನ ಪ್ರೀತಿಯ ಬಗ್ಗೆ ತಾವು ಬರೆದ ಹಾಡನ್ನು ಕಂಪನಿ ಹಿಂದೆ ತಡೆಹಿಡಿದಿದ್ದ ನೆನಪು ಅವರಲ್ಲಿ ಮಾಸಿರಲಿಲ್ಲವೇನೋ.

ಚಿಕ್ಸ್ ತಂಡ ಕ್ಷಮೆ ಕೇಳಲು ಒಲ್ಲದೆ ಹಾಡಿದ ಹಾಡಿಗೂ, ಅದಿದ್ದ ಆಲ್ಬಮ್ಮಿಗೂ 2007ರಲ್ಲಿ ಒಟ್ಟು ಐದು ಗ್ರ್ಯಾಮಿ ಸಂಗೀತ ಪ್ರಶಸ್ತಿಗಳು ಬಂದವು. ಕಂಟ್ರಿ ನಿಲಯಗಳು ಮಾತ್ರ ಅದನ್ನು ಹತ್ತಿರ ಸೇರಿಸಲಿಲ್ಲ. 2020ರಲ್ಲಿ ತಂಡ ತನ್ನ ಹೆಸರಿನಿಂದ ‘ಡಿಕ್ಸಿ’ ಎಂಬ ಪದವನ್ನೂ ಕಳಚಿಹಾಕಿತು. ಗುಲಾಮಗಿರಿಯ ಕಾಲದ ದಕ್ಷಿಣವನ್ನು ನೆನಪಿಸುವ ಪದ ಅದು.

ಅದೇ 2020. ಲೊರೆಟಾ ಅವರ ಊರಿರುವ ಜಿಲ್ಲೆಗೆ ತಾಗಿದ ಜಿಲ್ಲೆಯ ಟೈಲರ್ ಚೈಲ್ಡರ್ಸ್ ಎಂಬ ಗಾಯಕ ಸೆಪ್ಟೆಂಬರಿನಲ್ಲಿ ಒಂದು ಆಲ್ಬಮ್ ತಂದರು. ಒಂಬತ್ತು ತುಣುಕು. ಮೊದಲ ಎಂಟರಲ್ಲಿ ಮಾತೇ ಇಲ್ಲ, ಗುಡ್ಡಗಾಡಿನ ಪಿಟೀಲು ಮಾತ್ರ. ಜೊತೆಗೆ ಒಂದು ವಿಡಿಯೊ. ಅದರಲ್ಲಿ ಅವರು ತಮ್ಮ ಬಿಳಿಯ ಹಳ್ಳಿ ಜನರನ್ನೇ ಕೇಳಿಕೊಂಡರು: ಪೊಲೀಸರ ಗುಂಡಿಗೆ ಕರಿಯರಂತೆ ಒಬ್ಬೊಬ್ಬರಾಗಿ ಸಾಯುತ್ತಿರುವವರು ನಮ್ಮದೇ ಗುಡ್ಡದ ಮಕ್ಕಳಾಗಿದ್ದರೆ ನಾವು ಏನು ಮಾಡುತ್ತಿದ್ದೆವು, ಯೋಚಿಸಿ ನೋಡಿ ಎಂದು. ಅದನ್ನು ಜನರಿಗೆ ಮುಟ್ಟಿಸಲು ಅವರು ಯಾವ ನಿಲಯದ ಬಾಗಿಲನ್ನೂ ಕಾಯಲಿಲ್ಲ. ಆಲ್ಬಮ್ಮಿನ ಒಂಬತ್ತನೆಯ ತುಣುಕಿನಲ್ಲಿ, ಪಿಟೀಲು ಇನ್ನೂ ನುಡಿಯುತ್ತಿರುವಾಗಲೇ, ಅವರ ದನಿ ಮೊದಲ ಸಲ ಕೇಳುತ್ತದೆ.

ನಮಸ್ಕಾರ.